‘ಬಂದೆರಿ’ ಅನ್ನುವ ಭೋಂಗಾ

ಅವಸರದ ಮನುಷ್ಯರಿಗೆ ನಿಧಾನದ ಯಂತ್ರಗಳೇ ಗಂಟು ಬೀಳುತ್ತವೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಹುಬ್ಬಳ್ಳಿಯ ಬಟ್ಟೆ ಗಿರಣಿಯೊಂದರಲ್ಲಿ ಕರೆಂಟಿನ ಕೆಲಸಕ್ಕಿದ್ದ ನನಗೆ ಇದನ್ನು ಪದೇ ಪದೇ ನೋಡುವ ಭಾಗ್ಯವಿತ್ತು.

ಬೈಗುಳ

ಪಾಳಿ ಶುರುವಾಗುವುದನ್ನೂ ಬಿಡುವುದನ್ನೂ ಊರಿಗೆಲ್ಲ ಸಾರುವ ಉಗಿಯ ಸೀಟಿಯನ್ನು, ಅಂದರೆ ಗಿರಣಿಯ ಭೋಂಗಾವನ್ನು, ಮೊದಲು ಮುದುಕನೊಬ್ಬ ಸರಪಳಿ ಜಗ್ಗಿ ಊದಿಸುತ್ತಿದ್ದ. ಅವನ ಜಾಗಕ್ಕೆ ಸೊಲೆನಾಯ್ಡ್ ವಾಲ್ವ್ ಬಂತು. ಮ್ಯಾನೇಜರ್ ಸಾಹೇಬರು ತಮ್ಮ ಕೋಣೆಯಲ್ಲಿ ಗುಂಡಿ ಒತ್ತಿ ಹಿಡಿದರೆ ಛಾವಣಿಯ ಮೇಲಿನ ತಂತಿಯ ಸುರುಳಿಗೆ ಕರೆಂಟು ಹರಿದು, ಅದು ಕಬ್ಬಿಣದ ಸರಳನ್ನು ಮೇಲೆಳೆದು, ಉಗಿಗೆ ದಾರಿ ಬಿಡಬೇಕು. ಗುಂಡಿ ಬಿಟ್ಟರೆ ನಿಲ್ಲಬೇಕು. ಸರಳಿಗೆ ಅಷ್ಟು ಅವಸರವಿರಲಿಲ್ಲ.

ಒಂದು ದಿನ ಸಾಹೇಬರು ಗುಂಡಿ ಒತ್ತಿ ಹಿಡಿದುಕೊಂಡೇ ನನ್ನನ್ನು ಕರೆಸಿದರು. “ಒತ್ತಿದ ಕೂಡಲೇ ಊದಬೇಕೋ ಬ್ಯಾಡೋ? ಇದೂ ನಿನ್ನಂಗ ‘ಬಂದೆರಿ’ ಅಂದು ಕೂತಲ್ಲೇ ಕೂಡತೈತೇನು?” ಅಂದರು. ನಮ್ಮ ಕಡೆ ‘ಬರ್ತೇನಿ’ ಅಂದವನು ಹೊರಟುಹೋಗುತ್ತಾನೆ, ‘ಬಂದೆ’ ಅಂದವನು ಇನ್ನೂ ಹೊರಟಿರುವುದಿಲ್ಲ. ಸೋಮವಾರ ಮುಂಬಯಿಯಿಂದ ಮಾಲಕರು ಬರುವವರಿದ್ದರು. ಅಷ್ಟರೊಳಗೆ ಸರಿಯಾಗದಿದ್ದರೆ ವಾಲ್ವು, ನಾನು ಇಬ್ಬರೂ ಗೇಟಿನ ಹೊರಗೆ, ಮುದುಕ ಒಳಗೆ ಎಂದು ತಿಳಿಸಿದರು. ಮತ್ತೇನೋ ಹೇಳುವಷ್ಟರಲ್ಲಿ ಭೋಂಗಾ ಊದಿತು. ಉಳಿದ ಬೈಗುಳವನ್ನು ನಾನು ಅವರ ತುಟಿ ನೋಡಿ ತಿಳಿದುಕೊಂಡೆ.

ಔಷಧ

ನಾನು ಕಾರಣ ಹುಡುಕುತ್ತಿರುವಾಗ ನಮ್ಮ ಫಿಟರ್ ಕಾಕಾ ಔಷಧ ಹಾಕಿಬಿಟ್ಟಿದ್ದರು. ಅಂದಿನಿಂದ ವಾಲ್ವು ಗುಂಯ್ ಎನ್ನುತ್ತಿತ್ತೇ ಹೊರತು ಅಲುಗಾಡಲಿಲ್ಲ. ಬಿಚ್ಚಿ ನೋಡಿದರೆ ಒಳಗೆಲ್ಲ ಹರಳೆಣ್ಣೆ, ಬೆಲ್ಲದ ಪಾಕದಂತೆ ಅಂಟಿತ್ತು.

“ಇದನ್ನ ಯಾಕ ಹಾಕಿದ್ರಿ ಕಾಕಾ?”

“ಮನುಷ್ಯಾರಿಗೆ ಕುಡಿಸಿದ್ರ ಎಷ್ಟು ಲಗೂ ಓಡತಾರ, ನೋಡಿಲ್ಲೇನು? ಇದಕ್ಕೂ ಮುಂಜಾನಿ ತನಕ ಟೈಮ್ ಕೊಡು.”

ಸೋಮವಾರ

ಎಣ್ಣೆ ಒರೆಸಿದೆ. ಸರಳು ಓಡಾಡುವ ದೂರವನ್ನು ಕಡಿಮೆ ಮಾಡಿದೆ. ಅದನ್ನು ಕೆಳಗೆ ಒತ್ತಿ ಹಿಡಿಯುವ ಸ್ಪ್ರಿಂಗು ಬಿಗಿ ಅನ್ನಿಸಿ, ಮೆತ್ತನೆಯದೊಂದನ್ನು ಹಾಕಿದೆ. ಈಗ ಬೆರಳು ತಾಗುವುದೇ ತಡ, ಭೋಂಗಾ ಊದುತ್ತಿತ್ತು. ಊದುವುದನ್ನಷ್ಟೇ ಪರೀಕ್ಷಿಸಿದ್ದೆ.

ಸೋಮವಾರ ಮಾಲಕರೇ ಗುಂಡಿ ಒತ್ತಿದರು. ತಕ್ಷಣ ಊದಿತು. ಸಾಹೇಬರ ಮುಖ ಅರಳಿತು. ಮಾಲಕರು ಬೆರಳು ತೆಗೆದರು. ಭೋಂಗಾ ನಿಲ್ಲಲಿಲ್ಲ. ಮೇಲೆ ಹೋಗಿ ಅಂಟಿಕೊಂಡ ಸರಳನ್ನು ಕೆಳಗೆ ತಳ್ಳುವ ಶಕ್ತಿ ನನ್ನ ಮೆತ್ತನೆಯ ಸ್ಪ್ರಿಂಗಿಗೆ ಇರಲಿಲ್ಲ.

ಸಾಹೇಬರು ಅಂಗಳಕ್ಕೆ ಓಡಿ ಬಂದು, ಅಷ್ಟರಲ್ಲಿ ಛಾವಣಿ ಏರಿದ್ದ ನನಗೆ, “ಬಂದ್! ಬಂದ್ ಮಾಡೋ, ಬಂದ್!” ಎಂದು ಕೂಗಿದರು. ಅಂಗಳದಲ್ಲಿದ್ದವರು ಅದನ್ನು ಒಳಗೆ ಮುಟ್ಟಿಸಿದರು: ಗಿರಣಿ ಬಂದ್, ಖುದ್ದು ಸಾಹೇಬರೇ ಹೇಳ್ಯಾರ. ನಾನು ಸುತ್ತಿಗೆಯಿಂದ ಹೊಡೆದು ಸರಳನ್ನು ಇಳಿಸುವಷ್ಟರಲ್ಲಿ ಮಗ್ಗಗಳು ನಿಂತು, ಮಂದಿ ಬುತ್ತಿ ಹಿಡಿದು ಗೇಟು ದಾಟಿದ್ದರು. ಮಾಲಕರು ಖಾಲಿ ಮಗ್ಗಗಳ ನಡುವೆ ಅಡ್ಡಾಡಿ, ವಾಲ್ವಿಗಿಂತ ನಿಮ್ಮ ಮಂದಿಯೇ ಚುರುಕು ಎಂದರಂತೆ.

“ಈಗಿಂದೀಗ ಕೆಳಗಿಳಿದು ಬಾ,” ಎಂದರು ಸಾಹೇಬರು.

“ಬಂದೆರಿ,” ಅಂದೆ.

ಮಾಲಕರ ಮೋಟಾರು ಸ್ಟೇಷನ್ನಿನ ದಾರಿ ಹಿಡಿಯಿತು. ಸಾಹೇಬರು ಮನೆಗೆ ಹೋಗಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಬಂದರು. ಮೊದಲು ಅವರ ಸಿಟ್ಟು ಇಳಿಯಿತು, ಆಮೇಲೆ ನಾನು ಇಳಿದೆ. ಕೆಲಸ ಉಳಿಯಿತು.