ನೂರಕ್ಕೆ ನಾಲ್ಕು ತಗೊಂಡ ಡಾಕ್ಟರು

ಎಲ್ಲಾ ಶುರುವಾದದ್ದು ಒಂದು ಬಾಣದಿಂದ.

ಬೆಳಗ್ಗೆ ಏಳು ಗಂಟೆಗೆ ವಾರ್ಡಿಗೆ ಬಂದ ಡಾಕ್ಟರು ಡ್ರಾಯಿಂಗ್ ಮೇಷ್ಟ್ರ ಹಸಿರು ಗೌನನ್ನು ತುಸು ಸರಿಸಿ, ಬಲತೊಡೆಯ ಮೇಲೆ ನೀಲಿ ಮಾರ್ಕರಿನಲ್ಲಿ ಮಂಡಿಯ ಕಡೆಗೊಂದು ಬಾಣ ಬರೆದರು. ಬದಲಿಸಬೇಕಾದ ಮಂಡಿ ಇದೇ ಎಂಬ ಗುರುತು. ಮೂವತ್ತೈದು ವರ್ಷ ಕಪ್ಪುಹಲಗೆಯ ಮುಂದೆ ನಿಂತೇ ಮಂಡಿ ಸವೆಸಿಕೊಂಡ ಮೇಷ್ಟ್ರು ಬಗ್ಗಿ ನೋಡಿದರು. ಬಾಣ ಹಾವಿನ ಮರಿಯಂತೆ ನುಲಿಯುತ್ತ ಹೊರಟು, ತುದಿ ಮುಟ್ಟುವ ಹೊತ್ತಿಗೆ ದಾರಿ ತಪ್ಪಿ ಎಡಮಂಡಿಯ ಕಡೆ ಆಸೆಯಿಂದ ನೋಡುತ್ತಿತ್ತು.

ಇಂಥ ಗೆರೆ ಎಳೆಯಬಲ್ಲ ಕೈ ಪ್ರಪಂಚದಲ್ಲಿ ಒಂದೇ ಒಂದು.

"ನೀನು ಸೊಟ್ಟಪ್ಪ ಅಲ್ವೇನೋ?"

ಡಾಕ್ಟರು ಮಾಸ್ಕು ಇಳಿಸಿ ಬಾಯಿ ತುಂಬ ನಕ್ಕರು. "ಅಬ್ಬ, ಗುರುತು ಸಿಕ್ತಲ್ಲ ಸರ್! ಮೂರು ಸಲ ತಪಾಸಣೆಗೆ ಬಂದಾಗ್ಲೂ ನಿಮಗೆ ಹೊಳೀಲೇ ಇಲ್ಲ. ನಾನೂ ಸುಮ್ಮನಿದ್ದೆ."

ಹೊಳೆಯುವುದಾದರೂ ಹೇಗೆ? ತಲೆ ಬೋಳಾಗಿತ್ತು, ಕನ್ನಡಕ ಬಂದಿತ್ತು. ಆ ಹುಡುಗನ ನಿಜವಾದ ಹೆಸರಂತೂ ಮೇಷ್ಟ್ರಿಗೆ ಆಗಲೂ ಗೊತ್ತಿರಲಿಲ್ಲ. ತಾವೇ ಇಟ್ಟ ಅಡ್ಡಹೆಸರೇ ಮೂರು ವರ್ಷಕ್ಕೆ ಸಾಕಾಗಿತ್ತು.

ಡಾಕ್ಟರು ಹೋದದ್ದೇ ತಡ, ಹೆಂಡತಿ ಹಿಗ್ಗಿದರು. "ನಿಮ್ಮ ಶಿಷ್ಯನಂತಲ್ರೀ! ಎಷ್ಟು ಪುಣ್ಯ!"

"ಪುಣ್ಯ ಅಲ್ವೇ, ಪಾಪ. ಅವನಿಗೆ ನಾನು ನೂರಕ್ಕೆ ನಾಲ್ಕು ಕೊಟ್ಟಿದ್ದೆ. ಆ ನಾಲ್ಕು ಅಂಕವೂ ಹಾಳೆ ಮಡಿಸದೆ ಕೊಟ್ಟಿದ್ದಕ್ಕೆ."

"ಅದಕ್ಕೇನೀಗ? ಕೊಯ್ಯೋದು ರೋಬೋ ತಾನೇ?"

ಹೌದಲ್ಲ! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅವರು ಆಪರೇಷನ್ನಿಗೆ ಒಪ್ಪಿದ್ದೇ ಆ ಧೈರ್ಯದ ಮೇಲೆ. ಮನುಷ್ಯರ ಕೈ ನಡುಗುತ್ತದೆ, ಯಂತ್ರದ್ದು ನಡುಗುವುದಿಲ್ಲ. ಹೊಸ ಮಂಡಿ ಕೂದಲೆಳೆಯಷ್ಟು ವಾಲಿದರೂ ಉಳಿದ ಆಯಸ್ಸೆಲ್ಲ ಸೊಟ್ಟಗಾಲಿನಲ್ಲಿ ನಡೆಯಬೇಕು. ಅದೂ ಯಾರು? ಊರ ಮಕ್ಕಳಿಗೆಲ್ಲ ನೇರಗೆರೆ ಕಲಿಸಿದ ಮೇಷ್ಟ್ರು!

ಆದರೆ ಪಕ್ಕದ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದ. ಎಡಮಂಡಿ ಹೋದ ವರ್ಷವೇ ಆಗಿತ್ತು, ಬಲದ ಸರದಿ ಇವತ್ತು ಮಧ್ಯಾಹ್ನ. ಬಸ್ಸಿನಲ್ಲಿ ಚಾಲಕನ ಜೊತೆ ಮಾತಾಡಬಾರದೆಂಬ ನಿಯಮದಿಂದ ಮೂವತ್ತು ವರ್ಷ ಕಟ್ಟಿಕೊಂಡಿದ್ದ ಬಾಯಿ ಈಗ ಅಣೆಕಟ್ಟೆ ಒಡೆದಂತೆ ಹರಿಯುತ್ತಿತ್ತು.

"ಮೇಷ್ಟ್ರೇ, ರೋಬೋ ತಾನಾಗಿ ಏನೂ ಕೊಯ್ಯಲ್ಲ. ಅದು ಪವರ್ ಸ್ಟೀರಿಂಗ್ ಇದ್ದಂಗೆ. ತಿರುಗಿಸೋದು ನಾವೇ, ಅದು ಕೈ ಹಿಡ್ಕೊಂಡು ಬರುತ್ತೆ ಅಷ್ಟೆ."

"ಹಂಗಂದ್ರೆ?"

"ಗರಗಸ ಡಾಕ್ಟ್ರ ಕೈಲೇ ಇರುತ್ತೆ. ಕಂಪ್ಯೂಟ್ರಲ್ಲಿ ಮೊದಲೇ ಗೆರೆ ಹಾಕಿರ್ತಾರೆ. ಗೆರೆ ದಾಟಿದ್ರೆ ಗರಗಸ ತಾನೇ ನಿಂತುಬಿಡುತ್ತೆ."

ಮೇಷ್ಟ್ರು ಅವನ ಕಡೆ ಹೊರಳಿದರು. "ಆ ಗೆರೆ ಹಾಕೋರು ಯಾರು?"

"ಇನ್ಯಾರು? ಡಾಕ್ಟ್ರೇ!"

ಸೊಟ್ಟಪ್ಪ ಹಾಕಿದ ಗೆರೆ, ಆ ಗೆರೆಯನ್ನು ಚಾಚೂ ತಪ್ಪದೆ ಪಾಲಿಸುವ ರೋಬೋ!

ಹೆಂಡತಿ ಮುಖ ತೊಳೆಯಲು ಹೋದ ಸಮಯ ನೋಡಿ, ಮೇಷ್ಟ್ರು ಸ್ಯಾನಿಟೈಸರ್ ಹಾಕಿ ಆ ಬಾಣವನ್ನು ಉಜ್ಜಿ ತೆಗೆದರು. ಮೇಜಿನ ಮೇಲಿದ್ದ ಪೆನ್ನಿನಿಂದ ತಾವೇ ಹೊಸದೊಂದು ಬರೆದರು. ಗುರುತಾದರೂ ನೆಟ್ಟಗಿರಲಿ ಎಂದೇ ಶುರುಮಾಡಿದ್ದು. ಕೈ ನಿಲ್ಲಬೇಕಲ್ಲ? ಬಾಣಕ್ಕೆ ಗರಿ ಬಂತು, ಬಲಗಡೆಗೆ ನೆರಳೂ ಬಿತ್ತು.

"ಅಜ್ಜಾ! ಏನಿದು?" ರಕ್ತದೊತ್ತಡ ನೋಡಲು ಬಂದ ನರ್ಸು ಚೀರಿದಳು. "ಗುರುತು ಡಾಕ್ಟ್ರೇ ಹಾಕ್ಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ. ಈಗ ನಿಮ್ಮನ್ನ ಒಳಗೇ ತಗೊಳಲ್ಲ!"

ಡಾಕ್ಟರು ಓಡಿಬಂದರು. ಬಾಣ ನೋಡಿ, "ಚೆನ್ನಾಗಿದೆ ಸರ್," ಎಂದರು ಮನಃಪೂರ್ವಕವಾಗಿ.

ಮೇಷ್ಟ್ರು ಹಾಸಿಗೆಯ ಮೇಲೆ ಎದ್ದು ಕೂತರು. ಹಿಂದೆ ಬಿಚ್ಚಿದ ಗೌನಿನಲ್ಲೂ ಮೇಷ್ಟ್ರು ಮೇಷ್ಟ್ರೇ. ಜ್ವರದ ಪಟ್ಟಿಯ ಹಾಳೆ ತಿರುಗಿಸಿ ಮುಂದೆ ಹಿಡಿದರು. "ಒಂದು ಗೆರೆ ಎಳಿ. ಅಳತೆಪಟ್ಟಿ ಇಲ್ದೆ."

"ಸರ್, ಎಂಟೂವರೆಗೆ ಥಿಯೇಟರ್..."

"ಎಳಿಯೋ!"

ನಲವತ್ತರ ಡಾಕ್ಟರು ಹನ್ನೆರಡರ ಹುಡುಗನಾಗಿ ತುಟಿ ಕಚ್ಚಿಕೊಂಡು ಎಳೆದರು. ನರ್ಸು, ಡ್ರೈವರು, ಮುಖ ತೊಳೆದು ಬಂದ ಹೆಂಡತಿ ಉಸಿರು ಬಿಗಿಹಿಡಿದು ನೋಡಿದರು. ಗೆರೆ ಅರ್ಧ ದಾರಿ ಮರ್ಯಾದೆಯಿಂದ ಹೋಗಿ, ಆಮೇಲೆ ಅತ್ತೆ ಮನೆಗೆ ಹೊರಟ ಅಳಿಯನಂತೆ ಅಲ್ಲಲ್ಲಿ ತಡವರಿಸಿ, ಕೊನೆಗೆ ಹಾಳೆಯಿಂದಲೇ ಹೊರಗೆ ಹೋಯಿತು.

"ಸರ್," ಡಾಕ್ಟರು ಮೆಲ್ಲಗೆ ಅಂದರು, "ನನ್ನ ಕೈ ಸೊಟ್ಟ ಅಂತ ನೀವು ಹೇಳಿದ್ದು ನಾನು ಮರೆತಿಲ್ಲ. ಅದಕ್ಕೇ ಒಂದು ಸಲ ಅಳೆಯೋ ಕಡೆ ಮೂರು ಸಲ ಅಳೀತೀನಿ. ಅದಕ್ಕೇ ರೋಬೋ ಕಲಿತೆ."

ಮೇಷ್ಟ್ರ ಎದೆಯಲ್ಲಿ ಏನೋ ಅಲುಗಿತು. ಆದರೆ ಕಣ್ಣೆದುರು ಆ ಗೆರೆ ಇತ್ತು. "ಬೇಜಾರು ಮಾಡ್ಕೋಬೇಡಪ್ಪ. ಬೇರೆ ಯಾರಾದ್ರೂ ಇದ್ರೆ ನೋಡು."

ಡಾಕ್ಟರು ತಲೆಯಾಡಿಸಿದರು. "ಆಗ್ಲಿ ಸರ್. ಅದೃಷ್ಟಕ್ಕೆ ನಮ್ಮ ಕ್ಲಾಸಿನವನೇ ಇನ್ನೊಬ್ಬ ಇಲ್ಲೇ ಸರ್ಜನ್ನು. ಹೆಡ್‌ಮೇಷ್ಟ್ರ ಮಗ. ಅವನಿಗೆ ನೀವು ನೂರಕ್ಕೆ ತೊಂಬತ್ತೆಂಟು ಕೊಟ್ಟಿದ್ರಿ!"

ಹೆಂಡತಿ ಚಪ್ಪಾಳೆ ತಟ್ಟಿಯೇ ಬಿಟ್ಟರು. ಮೇಷ್ಟ್ರ ಮುಖ ಮಾತ್ರ ಸುಣ್ಣದ ಗೋಡೆಯಾಯಿತು.

ಆ ಹುಡುಗ ಪರೀಕ್ಷೆಯಲ್ಲಿ ಬಿಡಿಸಿದ್ದ ಬಾತುಕೋಳಿ ಹರಿದ ಚಪ್ಪಲಿಯಂತಿತ್ತು. ಅವತ್ತು ಸಂಜೆ ಹೆಡ್‌ಮೇಷ್ಟ್ರು ತಮ್ಮ ಕೋಣೆಯ ಬಾಗಿಲು ಹಾಕಿ, "ಸ್ವಲ್ಪ ನೋಡ್ಕೊಳ್ಳಿ ಮೇಷ್ಟ್ರೇ," ಎಂದಿದ್ದರು. ಚಪ್ಪಲಿಯನ್ನು ಅಳಿಸಿ ಬಾತುಕೋಳಿ ಬಿಡಿಸಿದ್ದು, ಅದಕ್ಕೆ ತೊಂಬತ್ತೆಂಟು ಹಾಕಿದ್ದು, ಎರಡೂ ಮೇಷ್ಟ್ರೇ. ಹುಡುಗ ನೋಡಿದ್ದು ಅಂಕ ಮಾತ್ರ.

ಬಾಯಿ ಬಿಡೋಣವೆಂದರೆ, ಹೆಂಡತಿ ಆಗಲೇ ನರ್ಸಿಗೆ ಹೇಳುತ್ತಿದ್ದರು: "ಇವರು ಸ್ವಂತ ಮಗನಿಗೂ ಒಂದು ಅಂಕ ಜಾಸ್ತಿ ಹಾಕಿದವರಲ್ಲ, ಗೊತ್ತಾ?"

ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಪರವಾಗಿಲ್ಲ, ರೋಬೋ ಇದೆಯಲ್ಲ, ಹೇಗೂ ಕೈ ಹಿಡಿಯುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಥಿಯೇಟರಿನ ಬಾಗಿಲಲ್ಲಿ ಹೆಡ್‌ಮೇಷ್ಟ್ರ ಮಗ ಮಂಡಿಗೆ ತನ್ನದೇ ಗುರುತು ಹಾಕಿ ಕೈಮುಗಿದು ನಿಂತ. ಕಣ್ಣಲ್ಲಿ ನೀರು. "ಸರ್, ಆ ತೊಂಬತ್ತೆಂಟು ನೋಡಿದ ಮೇಲೇ ನನ್ನ ಕೈ ಮೇಲೆ ನನಗೆ ನಂಬಿಕೆ ಬಂದಿದ್ದು. ಇಲ್ದಿದ್ರೆ ಸರ್ಜನ್ ಆಗ್ತಾನೇ ಇರ್ಲಿಲ್ಲ."

ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ಟ್ರಾಲಿ ಸರಭರ ಮುಂದೆ ಹೋಯಿತು. ಮೇಲೆ ಡ್ರೈವರು.

"ಓವರ್‌ಟೇಕ್ ಮಾಡ್ತಿದೀನಿ ಮೇಷ್ಟ್ರೇ! ನಿಮ್ಮ ಡಾಕ್ಟ್ರು ಖಾಲಿಯಾದ್ರಲ್ಲ, ನನ್ನನ್ನೇ ಮೊದಲು ತಗೊಳ್ಳಿ ಅಂದೆ. ನನ್ನ ಎಡಮಂಡಿ ಮಾಡಿದ್ದೂ ಅವರೇ. ನೋಡಿ, ಹೆದ್ದಾರಿ ಇದ್ದಂಗಿದೆ!"

"ಮತ್ತೆ... ರೋಬೋ?" ಮೇಷ್ಟ್ರ ದನಿ ಪಾತಾಳದಿಂದ ಬಂತು.

"ಇರೋದು ಒಂದೇ ಸರ್, ಅವನ ಜೊತೆ ಹೋಯ್ತು," ಹೆಡ್‌ಮೇಷ್ಟ್ರ ಮಗ ಕೈಗವಸು ಏರಿಸುತ್ತ ನಕ್ಕ. "ನಿಮಗ್ಯಾಕೆ ಸರ್ ಅದು? ನಿಮ್ಮದು ನಾನು ಬರಿಗೈಲೇ ಮಾಡ್ತೀನಿ!"