ಮೂರನೆಯ ಬಟನ್

ಮಹಾರಾಷ್ಟ್ರದ ಗಡಿಯೂರು ನಮ್ಮ ಗಡಹಿಂಗ್ಲಜದಲ್ಲಿ ನನ್ನಷ್ಟು ಪಕ್ಷನಿಷ್ಠ ಮನುಷ್ಯ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ನನ್ನದು ಮೆಣಸಿನಕಾಯಿ ವ್ಯಾಪಾರ. ಅಂಗಡಿಯಲ್ಲಿ ದರ ದಿನಕ್ಕೆರಡು ಸಲ ಬದಲಾಗುತ್ತದೆ, ಪಕ್ಷ ಮಾತ್ರ ಮೂವತ್ತು ವರ್ಷಗಳಿಂದ ಬದಲಾಗಿಲ್ಲ. "ನಮ್ಮ ಪಕ್ಷದವ್ರು ಕರೆಂಟಿನ ಕಂಬಾ ನಿಲ್ಲಿಸಿದ್ರೂ ನಮ್ಮ ಮನೀ ಎರಡೂ ವೋಟು ಕಂಬಕ್ಕ!" ಎಂದು ಎದೆ ತಟ್ಟಿ ಹೇಳುತ್ತಿದ್ದೆ. ನಾನು ಹಾಗೆ ಎದೆ ತಟ್ಟುವಾಗಲೆಲ್ಲ ಹೆಂಡತಿ ಪದ್ಮಾ ಎದ್ದು ಒಳಗೆ ಹೋಗುತ್ತಿದ್ದಳು. ಅಭಿಮಾನದಿಂದ ಕಣ್ಣು ತುಂಬಿ ಬರುತ್ತಿರಬೇಕು ಎಂದುಕೊಂಡಿದ್ದೆ.

ಈ ಸಲದ ನಗರಪಾಲಿಕೆ ಚುನಾವಣೆಯಲ್ಲಿ ನಮ್ಮ ಪ್ರಭಾಗಕ್ಕೆ, ಎಂದರೆ ವಾರ್ಡಿಗೆ, ಪಕ್ಷದವರು ಕಂಬವನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಂಬ ಕನಿಷ್ಠ ನಮ್ಮ ಗಲ್ಲಿಯಲ್ಲಿ ಇರುತ್ತದೆ. ನಿಲ್ಲಿಸಿದ್ದು ನಮ್ಮ ಮುಖಂಡ ತಾತ್ಯಾ ಅವರ ಸೊಸೆಯನ್ನು. ಆಕೆ ಇರುವುದು ಕೊಲ್ಹಾಪುರದಲ್ಲಿ. ಪ್ರಚಾರಕ್ಕೆ ಬಂದವಳು ನಮ್ಮ ಗಲ್ಲಿಯ ಬಾಯಿಗೆ ನಿಂತು, "ಹೀ ಗಲ್ಲಿ ಆಪಲ್ಯಾಚ್ ಪ್ರಭಾಗಾತ್ ಯೇತೇ ಕಾ?" ಎಂದು ಮರಾಠಿಯಲ್ಲಿ ಕೇಳಿದಳು. ಈ ಗಲ್ಲಿ ನಮ್ಮ ಪ್ರಭಾಗದಲ್ಲೇ ಬರುತ್ತದೆಯೇ ಎಂದು! ನಾನು ಹಲ್ಲು ಕಿರಿದು, "ಯೇತೇ, ಯೇತೇ!" ಎಂದೆ.

ಆಕೆಯ ವಿರುದ್ಧ ಚುನಾವಣೆಗೆ ನಿಂತವರು ನಮ್ಮ ಪಕ್ಕದ ಮನೆಯ ಅಕ್ಕಾತಾಯಿ. ಎದುರು ಪಕ್ಷ, ಗುರುತು ಇಸ್ತ್ರಿ ಪೆಟ್ಟಿಗೆ.

ಅಕ್ಕಾತಾಯಿಯ ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ಪದ್ಮಾ ಇಚಲಕರಂಜಿಗೆ ಮಗಳ ಮನೆಗೆ ಹೋಗಿದ್ದಾಗ, ನಡು ಮಧ್ಯಾಹ್ನ ನನಗೆ ಎದೆ ಹಿಡಿದುಕೊಂಡಿತು. ನನ್ನ ಕಥೆ ಮುಗಿಯಿತೆಂದು ಕೂಗಿಕೊಂಡೆ. ಅಕ್ಕಾತಾಯಿ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಓಡಿಬಂದು, ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು, ಬಸ್ ಸ್ಟ್ಯಾಂಡಿನ ಗದ್ದಲವನ್ನೆಲ್ಲ ಸೀಳಿಕೊಂಡು ದವಾಖಾನೆಗೆ ತಲುಪಿಸಿದರು. ಡಾಕ್ಟರು ಇಸಿಜಿ ಪಟ್ಟಿಯನ್ನೆಲ್ಲ ನೋಡಿ, "ಎಷ್ಟು ಭಜಿ ತಿಂದಿರಿ?" ಎಂದು ಕೇಳಿದರು. ಅದು ಗ್ಯಾಸ್! ಊರಿಗೆ ಮಾತ್ರ ಇವತ್ತಿಗೂ ಅದು ಹೃದಯದ ತೊಂದರೆ ಎಂದೇ ಗೊತ್ತು. ಅಕ್ಕಾತಾಯಿ ಒಬ್ಬರಿಗೂ ಬಾಯಿ ಬಿಡಲಿಲ್ಲ. ಇಂಥ ಹೆಂಗಸಿಗೆ ನಾನು ಮತ ಹಾಕಬಾರದು. ಏಕೆಂದರೆ ನಾನು ಪಕ್ಷನಿಷ್ಠ.

ನಿಷ್ಠೆಯನ್ನು ಜಗತ್ತಿಗೆ ತೋರಿಸಲು ಮೊದಲು ಮನೆಯಲ್ಲಿ ಇಸ್ತ್ರಿ ನಿಲ್ಲಿಸಿದೆ. ಶತ್ರುಪಕ್ಷದ ಗುರುತು ನಮ್ಮ ಮನೆಯಲ್ಲಿ ಬಿಸಿಯಾಗಕೂಡದು!

"ಶರ್ಟ್ ಮುದ್ದಿ ಆಗೈತ್ರಿ. ಎಮ್ಮಿ ಅಗದು ಬಿಟ್ಟಂಗ ಕಾಣತೈತಿ," ಎಂದಳು ಪದ್ಮಾ.

"ಇರಲಿ. ಇದು ತತ್ತ್ವದ ಪ್ರಶ್ನೆ."

"ತತ್ತ್ವಕ್ಕ ಕಾಲರ್ ಬ್ಯಾಡೇನ್ರಿ?"

ಹೀಗೆ ಇಪ್ಪತ್ತು ದಿನ ಮುದ್ದೆ ಶರ್ಟಿನಲ್ಲಿ ಪ್ರಚಾರ ಮಾಡಿದೆ. ತಾತ್ಯಾ ನನ್ನ ಬೆನ್ನು ತಟ್ಟಿ, ನಮ್ಮ ಬೂತಿನ ಏಜೆಂಟನನ್ನಾಗಿ ನೇಮಿಸಿದರು.

ನಮ್ಮಲ್ಲಿ ನಗರಪಾಲಿಕೆಗೆ ಮತ ಹಾಕುವುದು ಸುಲಭದ ಕೆಲಸವಲ್ಲ. ಒಬ್ಬೊಬ್ಬರೂ ಮೂರು ಮತ ಹಾಕಬೇಕು: ನಗರಾಧ್ಯಕ್ಷರಿಗೊಂದು, ಪ್ರಭಾಗದ 'ಅ' ಜಾಗಕ್ಕೊಂದು, 'ಬ' ಜಾಗಕ್ಕೊಂದು. ಮೂರೂ ಬಟನ್ ಒತ್ತಿದ ಮೇಲೆಯೇ ಮಶೀನು ಉದ್ದಕ್ಕೆ 'ಪೀಂ' ಎನ್ನುತ್ತದೆ. ಒಂದು ಬಿಟ್ಟರೂ ಮಶೀನು ಮೂಕ, ಹಿಂದಿನವರಿಗೆ ಮತ ಹಾಕಲು ಬರುವುದಿಲ್ಲ. ಹಾಗಾಗಿ ನಾನು ಮೆಣಸಿನಕಾಯಿ ಪೆಟ್ಟಿಗೆಯ ರಟ್ಟಿನಲ್ಲಿ ಒಂದು ಮಶೀನು ಮಾಡಿ, ಮನೆ ಮನೆಗೆ ಹೋಗಿ ಕಲಿಸಿದೆ. ಪೀಂ ಸಪ್ಪಳವನ್ನು ನಾನೇ ಬಾಯಿಯಿಂದ ಮಾಡುತ್ತಿದ್ದೆ. ಎಂಬತ್ತು ದಾಟಿದ ಗಂಗವ್ವಾಯಿಗೆ ನಾಲ್ಕು ಸಲ ಕಲಿಸಿ, "ಪೀಂ ಅನ್ನೂತನಾ ಹೊರಗ ಬರಬಾರದು. ಬಂದವ್ರು ಶುದ್ಧ ಗಾಢವ!" ಎಂದು ಹೇಳಿದ್ದೆ. ಗಾಢವ ಎಂದರೆ ಮರಾಠಿಯಲ್ಲಿ ಕತ್ತೆ.

ಮತದಾನದ ದಿನ ಬೆಳಿಗ್ಗೆ ಹೊಸ್ತಿಲು ದಾಟುವಾಗ ಅಕ್ಕಾತಾಯಿ ಎದುರಾದರು. ನಾನು ಆಕಾಶ ನೋಡಿದೆ.

"ಅಣ್ಣಾ, ಯಾಕ ಮಾರಿ ತಪ್ಪಸ್ತೀರಿ? ನೀವು ನಿಮ್ಮ ಪಕ್ಷಕ್ಕ ಹಾಕ್ರಿ. ನಾ ಸಿಟ್ಟಿಗೇಳೂದಿಲ್ಲ. ನಾಳೆ ನೀವು ಮೊದಲಿನಂಗ ಮಾತಾಡಿದ್ರ ಸಾಕು," ಎಂದರು.

ಅವರು ಬೈದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು! ನಿಜ ಹೇಳುತ್ತೇನೆ, ಆ ಹೆಂಗಸು ಸೋಲಬಾರದು ಎಂದು ಅವತ್ತು ನನ್ನ ಮನಸ್ಸು ದೇವರಲ್ಲಿ ಬೇಡಿಕೊಂಡಿತು. ಬೂತ್ ಏಜೆಂಟನ ಮನಸ್ಸು!

ಬೂತಿನಲ್ಲಿ ಮೊದಲಿಗನಾಗಿ ನಾನೇ ಮತ ಹಾಕಲು ಎದ್ದೆ. ಹಿಂದೆ ಸಾಲಿನಲ್ಲಿ ಪದ್ಮಾ, ಗಂಗವ್ವಾಯಿ, ಗಲ್ಲಿಯ ಅರ್ಧ ಜನ. ನಗರಾಧ್ಯಕ್ಷರಿಗೆ ಪಕ್ಷದ ಬಟನ್ ಒತ್ತಿದೆ. 'ಅ' ಜಾಗಕ್ಕೂ ಪಕ್ಷ. ಅಲ್ಲಿಯವರೆಗೆ ನಾನು ಹುಲಿ. 'ಬ' ಜಾಗಕ್ಕೆ ಬಂದೆ; ತಾತ್ಯಾರ ಸೊಸೆಯೂ ಅಕ್ಕಾತಾಯಿಯೂ ಇದ್ದದ್ದು ಅಲ್ಲೇ. ಬೆರಳು ಪಕ್ಷದ ಕಡೆಗೆ ಹೋಯಿತು, ಸ್ಕೂಟಿ ನೆನಪಾಯಿತು. ಇಸ್ತ್ರಿ ಪೆಟ್ಟಿಗೆಯ ಕಡೆಗೆ ಹೋಯಿತು, ಬೆನ್ನ ಮೇಲೆ ತಾತ್ಯಾ ಕೈ ಇಟ್ಟಂತಾಯಿತು. ಏನೂ ತೋಚದೆ ಹಾಗೆಯೇ ಹೊರಗೆ ಬಂದುಬಿಟ್ಟೆ.

"ಕಾಕಾ, ಏಕ್ ಬಾಕೀ ಆಹೇ!" ಎಂದರು ಅಧಿಕಾರಿ. ಒಂದು ಬಾಕಿ ಇದೆಯಂತೆ. ನನಗೆ ಗೊತ್ತಿಲ್ಲವೇ!

ಮತ್ತೆ ಒಳಗೆ ಹೋದೆ. ಮತ್ತೆ ನಿಂತೆ. ಗೋಡೆ ಗಡಿಯಾರದ ಟಿಕ್ ಟಿಕ್ ಸಹ ಕೇಳಿಸುತ್ತಿತ್ತು. ಆಗ ಸಾಲಿನಿಂದ ಗಂಗವ್ವಾಯಿಯ ದನಿ ಬಂತು.

"ಮೂರನೇದ ಒತ್ತೋ ಯಪ್ಪಾ! ಒಳಗ ನಿದ್ದೀ ಹತ್ತೇತೇನು? ನನಗ ಕಲಿಸಿದಾಂವ ಇವನ ಏನ್ ಪದ್ಮಾ?"

"ಹೌದ್ರಿ ಆಯಿ, ಇವ್ರ," ಎಂದಳು ನನ್ನ ಧರ್ಮಪತ್ನಿ.

"ಹಂಗಾರ ಗಾಢವ ಯಾರು?"

ಇಡೀ ಬೂತು ನಕ್ಕಿತು. ಪೊಲೀಸನೂ ನಕ್ಕ. ನಾನು ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ ಬಟನ್ ಒತ್ತಿದೆ. ಪೀಂ! ಕಣ್ಣು ತೆರೆದೆ. ಕೆಂಪು ದೀಪ ಹೊತ್ತಿದ್ದು ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲಿನಲ್ಲಿ. ನೋಟಾ. ಯಾರೂ ಬೇಡ!

ಮೂವತ್ತು ವರ್ಷದ ಪಕ್ಷವೂ ಬೇಡ, ಜೀವ ಉಳಿಸಿದ ತಂಗಿಯೂ ಬೇಡ ಎಂದು ಹೇಳಿ ನಾನು ಗಂಭೀರವಾಗಿ ಹೊರಗೆ ಬಂದೆ. ಆ ಸಂಜೆಯಿಂದ ಎಣಿಕೆಯವರೆಗೂ ಅನ್ನ ಸೇರಲಿಲ್ಲ. ಅಕ್ಕಾತಾಯಿ ಒಂದೇ ಒಂದು ಮತದಿಂದ ಸೋತರೆ? ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ.

ಅಕ್ಕಾತಾಯಿ ಗೆದ್ದರು. ಸಾಕಷ್ಟು ಮತಗಳ ಅಂತರದಿಂದಲೇ ಗೆದ್ದರು. ಗುಲಾಲು ಮೆತ್ತಿದ ಮುಖದಲ್ಲೇ ಮೊದಲು ನಮ್ಮ ಮನೆಗೆ ಬಂದು, ನನ್ನ ಕೈಗೆ ಪೇಢೆ ಇಟ್ಟರು.

"ಅಣ್ಣಾ, ನೀವು ನಿಮ್ಮ ಪಕ್ಷಕ್ಕ ಹಾಕೀರಿ ಅಂತ ಗೊತ್ತೈತಿ. ಮಾತಿಗೆ ನಿಲ್ಲೂ ಮನಷ್ಯಾ ನೀವು. ಅದಕ್ಕ ಮೊದಲ ಪೇಢಾ ನಿಮಗ."

ನಾನು ಪೇಢೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಅಷ್ಟರಲ್ಲೇ ತಾತ್ಯಾ ಎಣಿಕೆಯ ಕಾಗದ ಹಿಡಿದು ಬಂದರು. ಅಕ್ಕಾತಾಯಿಯನ್ನು ಕಂಡು ದೊಡ್ಡ ಮನಸ್ಸಿನಿಂದ ಶುಭಾಶಯ ಹೇಳಿ, ನನ್ನ ಕಡೆಗೆ ತಿರುಗಿದರು.

"ಸೋತದ್ದು ಇರಲಿ. ಈ ಬೂತಿನ್ಯಾಗ 'ಬ' ಜಾಗಾಕ್ಕ ನೋಟಾ ಒಂದ ಬಿದ್ದೈತಿ. ಒಂದ! ಅಂವಾ ಯಾವ ಗಾಢವ ಅಂತ ಹುಡುಕಿ ತಗೀರಿ. ನಿಮ್ಮಂಥಾ ನಿಷ್ಠಾವಂತ ಏಜೆಂಟ್ ಇದ್ದಲ್ಲಿ ಇದು ಆಗಬಾರದಾಗಿತ್ತು!"

"ಹುಡುಕತೇನ್ರಿ ತಾತ್ಯಾ," ಎಂದೆ.

ಅಕ್ಕಾತಾಯಿ ನನ್ನ ಮುಖ ನೋಡಿದರು. ಇಪ್ಪತ್ತು ದಿನದ ಮುದ್ದೆ ಶರ್ಟು ನೋಡಿದರು. ಅವರಿಗೆ ಎಲ್ಲ ತಿಳಿಯಿತು. ನಾನು ಮತ್ತೆ ಆಕಾಶ ನೋಡಲು ಹೋದೆ, ಆದರೆ ತಲೆಯ ಮೇಲೆ ಮನೆಯ ಮಾಳಿಗೆ ಇತ್ತು.

"ಹುಡುಕೂದ ಬಿಡ್ರಿ ತಾತ್ಯಾ," ಎಂದರು ಅವರು, ನಗು ತಡೆದುಕೊಂಡು. "ಪಾಪ, ಯಾರಿಗೋ ಆ ಹೊತ್ತಿನ್ಯಾಗ ಗ್ಯಾಸ್ ಆಗಿರಬೇಕು."

ತಾತ್ಯಾಗೆ ಅರ್ಥವಾಗಲಿಲ್ಲ. ಅಕ್ಕಾತಾಯಿ ನನ್ನ ಕೈಗೆ ಎರಡನೆಯ ಪೇಢೆ ಇಟ್ಟು ಹೊರಟರು. ಈ ಗುಟ್ಟನ್ನೂ ಅವರು ಯಾರಿಗೂ ಹೇಳುವುದಿಲ್ಲವೆಂದು ನನಗೆ ಗೊತ್ತು. ಅಂಥವರಿಗೆ ನಾನು ಮತ ಹಾಕಲಿಲ್ಲ.

ಎಲ್ಲರೂ ಹೋದ ಮೇಲೆ ಪದ್ಮಾಳ ಮುಂದೆ ಕೂತು ತಪ್ಪು ಒಪ್ಪಿಕೊಂಡೆ. "ನೀನಾರ ಪಕ್ಷಕ್ಕ ಹಾಕೀಯಲ್ಲ, ಅಷ್ಟ ಸಮಾಧಾನ."

"ನಾ? ನಾ ಅಕ್ಕಾತಾಯಿಗೆ ಹಾಕೇನಿ. ಮೂವತ್ತು ವರ್ಷ ಆತು, ನಾ ಮನಷ್ಯಾರನ್ನ ನೋಡೇ ಹಾಕತೇನಿ. ನಮ್ಮ ಮನಿಯಾಗ ಪಕ್ಷಕ್ಕ ಅಂತ ಇದ್ದದ್ದು ನಿಮ್ಮದೊಂದ ವೋಟು. ಈಗ ಅದೂ ಹೋತು."

ನಾನು ಎದ್ದು, ಮುದ್ದೆ ಶರ್ಟುಗಳನ್ನೆಲ್ಲ ತಂದು ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಂತೆ. ಅದನ್ನು ಹೇಗೆ ಹಚ್ಚುವುದೆಂದು ಗೊತ್ತಾಗದೆ ಹಾಗೆಯೇ ನಿಂತಿದ್ದೆ. ಅಡುಗೆಮನೆಯಿಂದ ಪದ್ಮಾಳ ದನಿ ಬಂತು.

"ಅಂಜಬ್ಯಾಡ್ರಿ. ಅದಕ್ಕ ಒಂದ ಬಟನ್ ಐತಿ!"