ಕಾಕಾ ಬಿಳಿ ಉಟ್ಟ ದಿನ

ದೇವರು ಲೋಕಕ್ಕೆ ಎಷ್ಟು ಬಣ್ಣ ಕೊಟ್ಟಿದ್ದಾನೋ ನನಗೆ ಗೊತ್ತಿಲ್ಲ, ನಮ್ಮ ಕಾಕಾನಿಗೆ ಮಾತ್ರ ಮೂರೇ ಕೊಟ್ಟಿದ್ದ! ಕೆಂಪು, ಹಳದಿ, ನೀಲಿ. ಮೂರು ಬಣ್ಣ ಎಂದ ಕೂಡಲೇ ಬಾವುಟ ನೆನೆಯಬೇಡಿ. ಅದು ನಿಜಾಮರ ಕಾಲ. ಸೇಡಂನಲ್ಲಿ ಆಗ ಮೂರು ಬಣ್ಣವೆಂದರೆ ನಮ್ಮ ಕಾಕಾ, ಅಷ್ಟೇ.

ತಲೆಗೆ ಕೆಂಪು ರುಮಾಲು, ಮೈಗೆ ಹಳದಿ ಅಂಗಿ. ಇಷ್ಟನ್ನು ಯಾರಾದರೂ ತೊಟ್ಟಾರು. ಆದರೆ ನೀಲಿ ಧೋತರ ಉಟ್ಟ ಗಂಡಸನ್ನು ನೀವೆಲ್ಲಾದರೂ ಕಂಡಿದ್ದೀರಾ? ತಹಶೀಲ ಕಚೇರಿಯ ಸಾಹೇಬರು ಒಮ್ಮೆ, "ಕ್ಯಾ ಸೌಕಾರ್, ಆಜ್ ಕೌನ್ಸೀ ಈದ್ ಹೈ?" ಎಂದು, ಇವತ್ತು ಯಾವ ಹಬ್ಬವೆಂದು ಕೇಳಿದರಂತೆ. "ಹಮಾರೀ ತೋ ರೋಜ್ ಹೈ, ಸಾಬ್!" ಎಂದು, ನಮಗೆ ದಿನಾ ಹಬ್ಬವೇ ಎನ್ನುವಂತೆ ಕಾಕಾ ಸಲಾಮು ಹೊಡೆದು ಬಂದ.

ಎತ್ತನ್ನೂ ಅವನು ಬಿಟ್ಟಿರಲಿಲ್ಲ. ಒಂದು ಕೊಂಬಿಗೆ ಕೆಂಪು, ಒಂದಕ್ಕೆ ಹಳದಿ. ನೀಲಿಗೆ ಜಾಗವೆಲ್ಲಿ? ಕಾಕಾ ಹೊತ್ತು ಮುಳುಗುವ ತನಕ ಯೋಚಿಸಿ ಬಾಲದ ತುದಿಯನ್ನು ನೀಲಿಯಲ್ಲಿ ಅದ್ದಿದ. "ಪುಣ್ಯಾ ಬಂತು, ಮೂರನೇ ಕೊಂಬು ಹಚ್ಚಲಿಲ್ಲ" ಎಂದಳು ಅವ್ವ.

ಮನೆಯೂ ಹಾಗೆಯೇ. ಗೋಡೆ ನೀಲಿ, ಬಾಗಿಲು ಕೆಂಪು, ಕಿಟಕಿ ಹಳದಿ. ಅದು ಕಣ್ಣಿಗೆ ಬಡಿಯುತ್ತಿತ್ತು ನಿಜ, ಆದರೆ ಸ್ಟೇಷನ್ನಿನ ಟಾಂಗಾದವರಿಗೆಲ್ಲ ಅದೇ ಗುರುತು. "ವೈನಿ, ಬಿಳಿ ಅನ್ನೂದು ಬಣ್ಣ ಅಲ್ಲ, ಬಣ್ಣ ಹಚ್ಚಲಿಕ್ಕ ಮರತದ್ದು" ಎಂದು ಅತ್ತಿಗೆಯಾದ ಅವ್ವನಿಗೆ ಹೇಳುತ್ತಿದ್ದ ಕಾಕಾ.

ಅಪ್ಪ ತೀರಿಕೊಂಡ ಮೇಲೆ ಮನೆಗೆ ಅವನೇ ಹಿರಿಯ. ಪೇಚಿಗಿಟ್ಟುಕೊಂಡದ್ದು ಅಲ್ಲೇ. ಅಕ್ಕನನ್ನು ನೋಡಲು ಬಂದ ಚಿತ್ತಾಪುರದವರು ಮನೆಯನ್ನೂ ಕಾಕಾನನ್ನೂ ನೋಡಿ, "ನಿಮ್ಮನ್ಯಾಗ ಎಲ್ಲಾರೂ ಹಿಂಗೇನ್ರಿ?" ಎಂದು ಕೇಳಿ ಎದ್ದುಹೋದರು. ಆಮೇಲೆ ಬಂದ ವಾಡಿಯವರು ಅಷ್ಟನ್ನೂ ಕೇಳಲಿಲ್ಲ. ಶಹಾಬಾದಿನಿಂದ ಸಂಬಂಧ ಬಂದಾಗ ಅವ್ವ ಕಾಕಾನ ಮುಂದೆ ಅತ್ತೇಬಿಟ್ಟಳು. "ತಮ್ಮಾ, ಇದೂ ತಪ್ಪಿದ್ರ ಹುಡುಗಿ ಮನ್ಯಾಗ ಉಳೀತಾಳಪಾ!"

 ಮರುದಿನ ಕಾಕಾ ಸುಣ್ಣ ಕಲಸಿ ತಾನೇ ಬಳಿಯಲು ನಿಂತ. ಗೋಡೆ, ಬಾಗಿಲು, ಕಿಟಕಿ ಎಲ್ಲ ಬಿಳಿ! ಬೀಗರು ಬರುವ ದಿನ ಅಪ್ಪನ ಹಳೆಯ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲು ತೊಟ್ಟು ಕಟ್ಟೆಯ ಮೇಲೆ ಕೂತ. "ಇವತ್ತ ಬಣ್ಣದ ಸುದ್ದಿ ತಗದಿ ಅಂದ್ರ ನನ್ನಾಣಿ ಅದ" ಎಂದು ಹೇಳಿ ಅವ್ವ ಅಕ್ಕನಿಗೆ ಸೀರೆ ಉಡಿಸಲು ಒಳಗೆ ಹೋದಳು.

ಬೀಗರ ಟಾಂಗಾ ಬಂತು. ಬಂದದ್ದು ಹಾಗೇ ಮುಂದೆ ಹೋಯಿತು! ತಿರುಗಿ ಬಂದು ಮತ್ತೆ ಹೋಯಿತು. ಕೊನೆಗೆ ಟಾಂಗಾದವನು ನಮ್ಮ ಕಟ್ಟೆಯೆದುರೇ ನಿಲ್ಲಿಸಿ, ತಾನು ದಿನಾ ಸಲಾಮು ಹೊಡೆಯುತ್ತಿದ್ದ ಕಾಕಾನನ್ನೇ ಕೇಳಿದ. "ಯಜಮಾನ್ರ, ಮೂರು ಬಣ್ಣದ ಮನಿ ಎಲ್ಲಿ ಅದರಿ? ನಿನ್ನಿತನಕ ಇಲ್ಲೇ ಇತ್ತಲ್ರಿ!"

ಕಾಕಾನ ಪಾಡು ಕೇಳಬೇಡಿ. ಇದೇ ಎಂದರೆ ಬಣ್ಣದ ಸುದ್ದಿ ತೆಗೆದಂತೆ, ವೈನಿಯ ಆಣೆ. ಇಲ್ಲ ಎಂದರೆ ಸುಳ್ಳು. ಬಾಯಿ ತೆರೆದ, ಮುಚ್ಚಿದ. "ಪಾಪ, ಮೂಕ ಇದ್ದಾರ. ನಡಿ, ಸ್ಟೇಷನ್ನಿಗೆ ಹೊಡಿ, ಗಾಡಿ ತಪ್ತದ" ಎಂದರು ಬೀಗರು. ಟಾಂಗಾ ಹೊರಟೇಬಿಟ್ಟಿತು!

ಕಾಕಾ ಒಳಗೆ ನುಗ್ಗಿ ತನ್ನ ಕೆಂಪು ರುಮಾಲು, ಹಳದಿ ಅಂಗಿ, ನೀಲಿ ಧೋತರ ಎಲ್ಲವನ್ನೂ ಬಾಚಿಕೊಂಡು ಓಡಿದ. ಬಾಯಿಂದ ಒಂದು ಮಾತಿಲ್ಲ, ಕೈಯಲ್ಲಿ ಮಾತ್ರ ಮೂರೂ ಬಣ್ಣ ಬೀಸುತ್ತಿದ್ದ. ಟಾಂಗಾದವನು ಹಿಂತಿರುಗಿ ನೋಡಿ, "ಅಯ್ಯಯ್ಯ, ಇವ್ರೇರಿ!" ಎಂದು ಲಗಾಮು ಎಳೆದ.

ಮನೆಗೆ ಬಂದ ಬೀಗರು ಅವ್ವನಿಂದ ಎಲ್ಲ ಕೇಳಿದರು. ಸುಣ್ಣದಿಂದ ಸುಟ್ಟು ಒಡೆದಿದ್ದ ಕಾಕಾನ ಅಂಗೈಗಳನ್ನೇ ನೋಡುತ್ತಾ ಹೇಳಿದರು. "ಮಗಳ ಮ್ಯಾಲ ಇಷ್ಟು ಜೀವಾ ಇಟ್ಟೋರ ಮನಿ ಹುಡುಗಿ ನಮಗ ಬೇಕ್ರಿ. ಆದ್ರ ಮದವಿಗಿ ಮುಂಚೆ ಮನೀಗಿ ಬಣ್ಣ ಹಚ್ರಿ, ನಮ್ಮ ದಿಬ್ಬಣ ದಾರಿ ತಪ್ಪೀತು!"

ಮುಂದೆ ಬಹಳ ವರ್ಷ ಕಾಕಾ ಮೂರೇ ಬಣ್ಣದಲ್ಲಿ ಬಾಳಿದ. ಅವನು ಲಿಂಗೈಕ್ಯನಾದ ದಿನ ವಿಭೂತಿ ಹಚ್ಚಿ ಕೂಡಿಸಿದ್ದೆವು. ಹಿರಿಯರು ಹೊದಿಸಲು ಹೊಸ ಬಿಳಿ ಬಟ್ಟೆ ತಂದರು. ಶಹಾಬಾದಿನಿಂದ ಅಳುತ್ತಾ ಬಂದಿದ್ದ ಅಕ್ಕ ಅವರ ಕೈ ಹಿಡಿದಳು. ಅವನ ಬಟ್ಟೆಯ ಗಂಟು ಬಿಚ್ಚಿ ತಲೆಗೆ ಕೆಂಪು ರುಮಾಲು ಸುತ್ತಿದಳು, ಹಳದಿ ಶಾಲು ಹೊದಿಸಿದಳು, ನೀಲಿ ಧೋತರವನ್ನು ಕಾಲ ಮೇಲೆ ಹರಡಿದಳು.

"ಬಿಳಿ ಬ್ಯಾಡ್ರಿ. ನನ್ನ ಸಲುವಾಗಿ ಒಂದ್ಸಲ ಉಟ್ಟಾನ, ಅಷ್ಟ ಸಾಕು" ಎಂದಳು.